ಒಂದು ರಾತ್ರಿ ಉಳಿಯೋಕೆ ಮೈಸೂರಲ್ಲಿ ಏನಿದೆ?

ಸಯ್ಯಾಜಿರಾವ್ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಲಾಡ್ಜಿದೆ. ಮಾವನವರು ಕಟ್ಟಿಸಿದ್ದು. ಲಿಫ್ಟಿಲ್ಲ, ಎ.ಸಿ. ಇರೋದು ಮೇಲಿನ ಮಹಡಿಯ ಕೆಲವು ರೂಮಿಗೆ ಮಾತ್ರ, ಕಾರು ನಿಲ್ಲಿಸೋಕೆ ಜಾಗ ಕೇಳಿದರೆ ನಾನು ಮಾತು ಮರೆಸ್ತೀನಿ. ಯಜಮಾನರಿಗೆ ಬೇರೆ ಕೆಲಸ ಇರೋದರಿಂದ ರಿಸೆಪ್ಷನ್ನಿನಲ್ಲಿ ಕೂರೋದು ನಾನೇ. ಪ್ರವಾಸೋದ್ಯಮದ ಬಗ್ಗೆ ನನಗಿರೋ ತಿಳಿವಳಿಕೆಯೆಲ್ಲ ಎದುರಿಗಿರೋ ರಿಜಿಸ್ಟರಿನಿಂದ ಬಂದದ್ದು. ಅದರಲ್ಲಿ ಎರಡು ಕಾಲಮ್ಮು ಮುಖ್ಯ, ಬಂದ ಹೊತ್ತು ಮತ್ತು ಹೊರಟ ಹೊತ್ತು. ನಮ್ಮಂಥವರ ಅನ್ನ ಇರೋದು ಈ ಎರಡರ ನಡುವೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತಲ್ಲ, ಆವತ್ತು ನಮ್ಮ ಬೀದಿಯಲ್ಲಿ ಎಲ್ಲರಿಗೂ ಖುಷಿ. 118 ಕಿಲೋಮೀಟರ್, ಒಂದೂವರೆ ಗಂಟೆಯ ದಾರಿ, ಇನ್ನು ಜನ ಹರಿದು ಬರ್ತಾರೆ ಅಂದರು. ಬಂದರು. ಅದೇ ಒಂದೂವರೆ ಗಂಟೆಯಲ್ಲಿ ವಾಪಸ್ಸೂ ಹೋದರು! ಬೆಳಿಗ್ಗೆ ಎಂಟಕ್ಕೆ ಬೆಂಗಳೂರು ಬಿಟ್ಟರೆ ಹತ್ತಕ್ಕೆ ಅರಮನೆ, ಹನ್ನೆರಡಕ್ಕೆ ಮೃಗಾಲಯ, ಊಟ ಆದ ಮೇಲೆ ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ, ರಾತ್ರಿ ಮಲಗೋದು ಅವರವರ ಮನೆಯ ಮಂಚದ ಮೇಲೆ. ದಾರಿಯಲ್ಲಿ ವಡೆ ತಿನ್ನೋಕೂ ನಿಲ್ಲಲ್ಲ. ಹೊಸ ರಸ್ತೆ ಊರಾಚೆಯಿಂದ ಹಾದುಹೋದ ಮೇಲೆ ಹಳೇ ಹೆದ್ದಾರಿಯ ಮದ್ದೂರು ವಡೆ ಅಂಗಡಿಯವರ ಪಾಡು ನಮಗಿಂತ ಕಷ್ಟ. ನನ್ನ ಕೌಂಟರಿಗೆ ಹೆಚ್ಚಾದದ್ದು ಒಂದೇ ಪ್ರಶ್ನೆ: "ಮೇಡಂ, ಎರಡು ಗಂಟೆ ಮಟ್ಟಿಗೆ ರೂಮ್ ಕೊಡ್ತೀರಾ? ಫ್ರೆಶ್ ಆಗಿ ಹೊರಟುಬಿಡ್ತೀವಿ."

ಎರಡು ಗಂಟೆಗೆ ರೂಮ್ ಕೊಡೋದು ನಮ್ಮ ಮಾವನವರ ಕಾಲದಿಂದಲೂ ಇಲ್ಲ. ಕಾರಣ ಬೇರೆ, ಬಿಡಿ.

ಹೋಟೆಲಿನವರ ಸಭೆಗಳಿಗೆ ಯಜಮಾನರ ಬದಲು ಕೆಲವು ಸಲ ನಾನು ಹೋಗಿ ಕೂತಿದ್ದೀನಿ. ಟ್ರಾವೆಲ್ಸಿನವರು ಇರ್ತಾರೆ, ವ್ಯಾಪಾರಿಗಳ ಪರವಾಗಿ ಯಾರಾದರೂ ಬರ್ತಾರೆ, ಕೊನೆಗೆ ಒಂದು ಮನವಿಪತ್ರ ತಯಾರಾಗುತ್ತೆ. ಇನ್ನಷ್ಟು ವಿಮಾನ ಬೇಕು, ಬೇರೆ ರಾಜ್ಯಗಳಲ್ಲಿ ಹೋರ್ಡಿಂಗ್ ಹಾಕಬೇಕು, ಬ್ರ್ಯಾಂಡ್ ಮೈಸೂರು ಆಗಬೇಕು. ಬೇಡ ಅನ್ನೋಕೆ ನಾನ್ಯಾರು? ಆದರೆ ಮೈಸೂರನ್ನ ಜನಕ್ಕೆ ಪರಿಚಯ ಮಾಡಿಸೋದರಲ್ಲಿ ಏನಿದೆ ಹೇಳಿ. ಅರಮನೆ ಹೆಸರು ಕೇಳದೋರು ಯಾರಿದ್ದಾರೆ? ಇವರೆಲ್ಲ ಜನರನ್ನ ಕರೆತರೋ ಮಾತಾಡ್ತಾರೆ, ಉಳಿಸಿಕೊಳ್ಳೋ ಮಾತು ಬಂದಾಗ ಕಾಫಿ ಬಂದಿರುತ್ತೆ. ನನ್ನ ಲೆಕ್ಕ ಸರಳ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಯೋ ಒಂದು ಕಾರ್ಯಕ್ರಮ, ಇಲ್ಲ ರಾತ್ರಿ ಎಂಟರ ಮೇಲೆ ಮುಗಿಯೋ ಒಂದು ಕಾರ್ಯಕ್ರಮ ಇದ್ದರೆ ಒಂದು ರೂಮು ತುಂಬುತ್ತೆ. ಮಧ್ಯಾಹ್ನದ ಯಾವ ಆಕರ್ಷಣೆಯಿಂದಲೂ ತುಂಬಲ್ಲ.

ರಾತ್ರಿದು ಅಂದರೆ ಮೊದಲು ಅರಮನೆಯ ದೀಪ. ಭಾನುವಾರ, ಸರ್ಕಾರಿ ರಜೆ, ದಸರಾ ದಿನಗಳಲ್ಲಿ ಸಂಜೆ ಏಳರ ಹೊತ್ತಿಗೆ ಲಕ್ಷದ ಹತ್ತಿರ ಬಲ್ಬು ಒಂದೇ ಸಲ ಹತ್ತಿಕೊಳ್ಳುತ್ತೆ. ಇಷ್ಟು ವರ್ಷ ಇದೇ ಊರಲ್ಲಿದ್ದೂ ನನಗೆ ಈಗಲೂ ಆ ಒಂದು ಕ್ಷಣಕ್ಕೆ ಮೈ ಜುಮ್ ಅನ್ನುತ್ತೆ. ಆದರೆ ಗಂಟೆಯೊಳಗೆ ಆರಿಹೋಗುತ್ತೆ, ಜನ ಕಾರು ಹತ್ತುತ್ತಾರೆ. ಅದಕ್ಕೇ ಅರಮನೆ ಮಂಡಳಿಯವರು ಡಿಸೆಂಬರ್ ಕೊನೆಗೆ ಮಾಡೋ ಮಾಗಿ ಉತ್ಸವ ನನಗೆ ಹೆಚ್ಚು ಇಷ್ಟ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ರಜೆಗೆ ಸರಿಯಾಗಿ ಫಲಪುಷ್ಪ ಪ್ರದರ್ಶನ, ಸಂಜೆ ಅರಮನೆ ಮುಂದೆ ಸಂಗೀತ, ಡಿಸೆಂಬರ್ 31ರ ರಾತ್ರಿ ಪೊಲೀಸ್ ಬ್ಯಾಂಡು, ಪಟಾಕಿ. ಹುಬ್ಬಳ್ಳಿ ಕಡೆಯ ಒಂದು ಕುಟುಂಬ ದಸರಾ ಮುಗಿಯೋದೇ ತಡ ಫೋನ್ ಮಾಡುತ್ತೆ: "ಅಕ್ಕಾರ, ಮಾಗಿಗೆ ಎರಡು ರೂಮ್ ಇಡ್ರಿ." ಯಾಕೆ ಮಾಡ್ತಾರೆ? ಯಾವ ವಾರ ನಡೆಯುತ್ತೆ ಅಂತ ಮೊದಲೇ ಗೊತ್ತಿರುತ್ತೆ, ಅಷ್ಟೆ. ನಾಲ್ಕು ದಿನ ಮುಂಚೆ ಫ್ಲೆಕ್ಸ್ ಕಟ್ಟಿದ ಉತ್ಸವಕ್ಕೆ ಸರಸ್ವತಿಪುರಂನವರು, ಕುವೆಂಪುನಗರದವರು ಬರ್ತಾರೆ, ಬರಲಿ, ಒಳ್ಳೇದೇ. ಹೊರಗಿನವರಿಗೆ ರಜೆ ಹಾಕಬೇಕು, ರೈಲಿನ ಟಿಕೆಟ್ ಸಿಗಬೇಕು, ಮಕ್ಕಳ ಪರೀಕ್ಷೆ ನೋಡಬೇಕು.

ದಸರಾಗೆ ಪಂಚಾಂಗವೇ ಪ್ರಚಾರ ಮಾಡುತ್ತೆ, ನಮ್ಮ ಕಷ್ಟ ಏನಿಲ್ಲ. ಜಂಬೂಸವಾರಿಯ ದಿನ ನಮ್ಮ ಲಾಡ್ಜಿನ ಮೆಟ್ಟಿಲ ಮೇಲೂ ಜನ. ಆ ಹತ್ತು ದಿನ ಬಿಟ್ಟು ಉಳಿದ ದಿನಗಳ ಬಗ್ಗೆ ನಾನು ಹೇಳ್ತಿರೋದು.

ಆ ಉಳಿದ ದಿನಗಳಲ್ಲಿ ರಾತ್ರಿ ಉಳಿಯೋ ಗಿರಾಕಿಯನ್ನ ಯಾರು ಕಳಿಸ್ತಾರೆ ಅಂತ ರಿಜಿಸ್ಟರ್ ತಿರುವಿದರೆ, ಪ್ರವಾಸೋದ್ಯಮ ಅನ್ನೋ ಪದವನ್ನೇ ಬಾಯಲ್ಲಿ ಆಡದ ಜನ ಸಿಗ್ತಾರೆ. ಮೊದಲನೇದು ರಂಗಾಯಣ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರೆಪರ್ಟರಿ, ಅಂದರೆ ಕಾಯಂ ನಾಟಕ ತಂಡ. 2001ರಿಂದ ಬಹುರೂಪಿ ನಾಟಕೋತ್ಸವ ಮಾಡ್ತಿದ್ದಾರೆ. ಕಲಾಮಂದಿರದ ಆವರಣದಲ್ಲಿ ಭೂಮಿಗೀತದಲ್ಲೊಂದು ನಾಟಕ, ವನರಂಗದಲ್ಲೊಂದು, ಹೊರಗೆ ಜಾನಪದ ಕಲೆ, ಪುಸ್ತಕದ ಮಳಿಗೆ, ಕರಕುಶಲದವರು, ಜೋಳದ ರೊಟ್ಟಿಯವರು. ದಿನಾಂಕ ಕೆಲವು ವರ್ಷ ಹಿಂದೆ ಮುಂದೆ ಆಗಿದ್ದೂ ಇದೆ, ಆಗೆಲ್ಲ "ಯಾವಾಗಂತೆ?" ಅಂತ ನನಗೇ ಫೋನು. ಬಹುರೂಪಿಗೆ ಬರೋರು ಒಂದು ರಾತ್ರಿಗೆ ಬರಲ್ಲ, ಹಬ್ಬ ಪೂರ್ತಿ ಇರ್ತಾರೆ. ಹಾಸನದ ಇಬ್ಬರು ನಿವೃತ್ತ ಮೇಷ್ಟ್ರುಗಳು ಸೇರಿ ಒಂದೇ ರೂಮು ಹಿಡೀತಾರೆ. ರಾತ್ರಿ ನಾಟಕ ಮುಗಿಸಿ ಬಂದು ಮೆಟ್ಟಿಲ ಮೇಲೆ ನಿಂತೇ ಜಗಳ ಶುರು. ಒಬ್ಬರಿಗೆ ನಿರ್ದೇಶಕ ಕತೆ ಕೆಡಿಸಿದ ಅಂತ ಸಿಟ್ಟು, ಇನ್ನೊಬ್ಬರಿಗೆ ಕೆಡಿಸಿದ್ದೇ ಚೆಂದ. ಎರಡನೇ ಮಹಡಿಯ ಗುಜರಾತಿ ದಂಪತಿ ಒಮ್ಮೆ ಬಾಗಿಲು ತೆಗೆದು ನೋಡಿದರು, ಹೊಡೆದಾಟವೇ ಇರಬೇಕು ಅಂದುಕೊಂಡು. "ಏನಿಲ್ಲ, ಡ್ರಾಮಾ" ಅಂದೆ. ಸತ್ಯವೇ ಅಲ್ವಾ?

ಈ ಮೇಷ್ಟ್ರುಗಳು ಐದು ದಿನದಲ್ಲಿ ಎಲ್ಲೆಲ್ಲಿ ದುಡ್ಡು ಬಿಡ್ತಾರೆ ನೋಡಿ. ಬೆಳಿಗ್ಗೆ ದೋಸೆ, ಹನ್ನೊಂದಕ್ಕೆ ಕಾಫಿ, ಆಟೋ, ಬಹುರೂಪಿಯಲ್ಲಿ ಪುಸ್ತಕ, ಹೊರಡೋ ದಿನ ಮಡದಿಯರಿಗೆ ಮಲ್ಲಿಗೆ, ಮೊಮ್ಮಕ್ಕಳಿಗೆ ಮೈಸೂರು ಪಾಕು. ಅರಮನೆ ಒಳಗಂತೂ ಹೋಗಲ್ಲ, "ಎಷ್ಟು ಸಲ ನೋಡೋದು" ಅಂತಾರೆ. ಟೆಂಪೋ ಟ್ರಾವೆಲರಿನಲ್ಲಿ ಬಂದು ಹೋಗೋ ಹನ್ನೆರಡು ಜನ ಈ ಊರಿನ ಬೀದಿಯಲ್ಲಿ ಖರ್ಚು ಮಾಡೋದು ಇವರಿಬ್ಬರಷ್ಟು ಇರಲ್ಲ ಅಂತ ನನ್ನ ಅಂದಾಜು.

ಇನ್ನೊಂದು, ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ. 1962ರಿಂದ ನಡೆದುಕೊಂಡು ಬಂದ ಬೀದಿ ಗಣಪತಿ ಅದು, ಈಗ ಅದಕ್ಕೊಂದು ಟ್ರಸ್ಟ್ ಇದೆ. ಚೌತಿಯಿಂದ ಶುರುವಾದರೆ ದಿನವೂ ಕರ್ನಾಟಕ ಸಂಗೀತದ ಕಚೇರಿ. ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡ್ತಾರೆ, ಪೆಂಡಾಲಿನಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಕೊಯಮತ್ತೂರಿನಿಂದ ಬರೋ ಒಬ್ಬ ಅಜ್ಜಿ ನನಗೆ ಯಾವ ದಿನ ಯಾರ ಕಚೇರಿ ಅಂತ ಮೊದಲೇ ಓದಿ ಹೇಳಿ, "ಆ ದಿನ ರೂಮ್ ಕೊಡಮ್ಮಾ" ಅಂತಾರೆ. ಈ ಬೀದಿಯವರು ಊರಿಗೆ ಹೆಸರು ತರಬೇಕು ಅಂತ ಕೂರಿಸಿದ ಗಣಪತಿ ಅಲ್ಲ ಅದು. ತಮ್ಮ ಕಿವಿಗೆ ಒಳ್ಳೆ ಸಂಗೀತ ಬೀಳಲಿ ಅಂತ ಮಾಡಿದರು, ಊರೂರಿನಿಂದ ಜನ ಬಂದರು.

ಗೋಕುಲಂ ಬಡಾವಣೆಯ ಯೋಗದ ಕತೆಯಂತೂ ಇನ್ನೂ ವಿಚಿತ್ರ. ನಾಲ್ವಡಿಯವರ ಕಾಲದಲ್ಲಿ, 1933ರಲ್ಲಿ, ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರಿಗೆ ಯೋಗಶಾಲೆ ನಡೆಸೋಕೆ ಜಾಗ ಸಿಕ್ಕಿತು. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ಮನೆಯಲ್ಲಿ ಪಾಠ ಹೇಳ್ತಿದ್ದರು, 2002ರಲ್ಲಿ ಶಾಲೆ ಗೋಕುಲಂಗೆ ಹೋಯ್ತು. ಇವತ್ತು ಆ ಬಡಾವಣೆಯಲ್ಲಿ ವಿದೇಶಿಯರು ತಿಂಗಳುಗಟ್ಟಲೆ ಮನೆ ಬಾಡಿಗೆ ಹಿಡಿದು ಇರ್ತಾರೆ, ಮುಂಜಾನೆ ಕತ್ತಲಲ್ಲೇ ಎದ್ದು ಕ್ಲಾಸಿಗೆ ಹೋಗ್ತಾರೆ, ಹೊರಗೆ ಬಂದು ಎಳನೀರು ಕುಡೀತಾರೆ. ಮಹಡಿ ಮೇಲೆ ಎರಡು ರೂಮಿದ್ದ ಗೃಹಿಣಿಯರು ತಿಂಡಿ ಮಾಡಿ ಹಾಕಿ ಸಂಸಾರ ನಡೆಸಿದ್ದಾರೆ. ಇದರಲ್ಲಿ ನನ್ನ ಲಾಡ್ಜಿಗೆ ಬಂದದ್ದು ಅಷ್ಟಕ್ಕಷ್ಟೇ, ಅವರಿಗೆ ಸಯ್ಯಾಜಿರಾವ್ ರಸ್ತೆಯ ಹಾರ್ನು ಆಗಿಬರಲ್ಲ. ಹೊಟ್ಟೆಕಿಚ್ಚಿಲ್ಲದೆ ಹೇಳ್ತೀನಿ, ಯಾವ ಸಮಿತಿಯೂ ಸಭೆ ಸೇರಿ ಗೋಕುಲಂ ಮಾಡಲಿಲ್ಲ. ಒಬ್ಬರು ಒಂದು ವಿದ್ಯೆಯನ್ನ ಒಂದೇ ಊರಲ್ಲಿ ಕೂತು ದಶಕಗಟ್ಟಲೆ ಕಲಿಸಿದರು.

ಇನ್ನು ನಮ್ಮ ಪೇಟೆ. ಇಲ್ಲಿ ನನಗೆ ಮಾತು ಜಾಸ್ತಿ ಬರುತ್ತೆ, ಸಹಿಸಿಕೊಳ್ಳಿ.

ಬೆಳಗಿನ ಪಾರಂಪರಿಕ ನಡಿಗೆ ಅನ್ನೋದನ್ನ ದಸರಾ ಸಮಯದಲ್ಲಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯವರು ಮಾಡ್ತಾರೆ. ಪುರಭವನದ ಹತ್ತಿರ ಶುರುವಾಗುತ್ತೆ. ಅವರದೇ ಪಾರಂಪರಿಕ ಟಾಂಗಾ ಸವಾರಿಯೂ ಇದೆ, ದಂಪತಿಗಳು ಪಂಚೆ, ಪೇಟ, ರೇಷ್ಮೆ ಸೀರೆ ಉಟ್ಟು ಕುದುರೆ ಗಾಡಿಯಲ್ಲಿ ಊರು ಸುತ್ತೋದು. ಫೋಟೋ ಪೇಪರಿನಲ್ಲಿ ಬರುತ್ತೆ, ನೋಡಿರ್ತೀರಿ. ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನ ಮೈಸೂರು ಘಟಕದವರೂ ಹಳೇ ಕಟ್ಟಡಗಳ ವಿಷಯದಲ್ಲಿ ಮಾತಾಡುತ್ತಲೇ ಇರ್ತಾರೆ. ಇದರಿಂದ ರುಚಿ ಹತ್ತಿ ಈಗ ಕೆಲವು ಹುಡುಗರು ವರ್ಷವಿಡೀ ಇಂಥ ನಡಿಗೆ ಮಾಡಿಸ್ತಾರೆ. ಅವರಲ್ಲಿ ಒಬ್ಬನಿಗೆ ನಾನು ಗಿರಾಕಿಗಳನ್ನ ಕಳಿಸ್ತೀನಿ, ಕಮಿಷನ್ ಇಲ್ಲ. ಬೆಳಿಗ್ಗೆ ಆರೂವರೆಗೆ ಬಂದು ನಮ್ಮ ಬಾಗಿಲಲ್ಲಿ ನಿಲ್ತಾನೆ. ಅಷ್ಟು ಹೊತ್ತಿಗೆ ಹೊರಡಬೇಕು ಅಂದರೆ ಹಿಂದಿನ ರಾತ್ರಿ ಇಲ್ಲೇ ಮಲಗಬೇಕು ನೋಡಿ, ಹಾಗಾಗಿ ಅವನ ಕಮಿಷನ್ ನನಗೆ ಬೇಡ.

ಒಂದು ಭಾನುವಾರ ನಾನೂ ಹೋಗಿದ್ದೆ. ಪುರಭವನದ ಮುಂದೆ ನಿಲ್ಲಿಸಿ ಇದು 1884ರದ್ದು, ದಿವಾನ್ ರಂಗಾಚಾರ್ಲು ಅವರ ನೆನಪಿನದು ಅಂದ. ದೊಡ್ಡ ಗಡಿಯಾರದ ಹತ್ತಿರ ಜೊತೆಗಿದ್ದ ಮಕ್ಕಳಿಂದ ಗಂಟೆ ಓದಿಸಿದ, ಅದರ ಮುಖದ ಮೇಲಿರೋದು ಕನ್ನಡ ಅಂಕಿ. ಬೆಂಗಳೂರಿನ ಇಂಗ್ಲಿಷ್ ಶಾಲೆಯ ಹುಡುಗಿ ೬ ಮತ್ತು ೯ ನಡುವೆ ಒದ್ದಾಡಿದಳು, ಅವಳಪ್ಪನೂ ಒದ್ದಾಡಿದ. ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ಲೆಕ್ಕಕ್ಕೆ 1927ರಲ್ಲಿ ಕಟ್ಟಿದ್ದು ಅಂತ ಹೇಳೋ ಹೊತ್ತಿಗೆ ಅವರಿಬ್ಬರೂ ಇನ್ನೂ ಮುಳ್ಳನ್ನೇ ನೋಡ್ತಿದ್ದರು.

ಅಲ್ಲಿಂದ ಚಿಕ್ಕ ಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆಯ ಒಳಗೆ. ಕುಂಕುಮದ ಅಂಗಡಿ ಮುಂದೆ ಎಲ್ಲರೂ ಫೋನು ತೆಗೆದರು. ಅರಿಶಿನ, ಕೆಂಪು, ನೇರಳೆ, ಹಸಿರು, ಒಂದೊಂದು ತಟ್ಟೆಯಲ್ಲಿ ಒಂದೊಂದು ಗೋಪುರ. ಆ ಅಂಗಡಿಯವನ ಫೋಟೋ ಜಗತ್ತಿನ ಯಾವ ಯಾವ ಮೂಲೆಯಲ್ಲಿದೆಯೋ, ಅವನಿಗೆ ವ್ಯಾಪಾರ ಆಗೋದು ಮಾತ್ರ ಮೊಹಲ್ಲಾದ ಹೆಂಗಸರಿಂದ. ಇದಕ್ಕೆ ನಮ್ಮ ಹುಡುಗ ಒಂದು ಉಪಾಯ ಮಾಡಿದ್ದಾನೆ. ಹೂವಿನ ಸಾಲಿಗೆ ಹೋಗೋ ಮುಂಚೆಯೇ ಹೇಳಿಬಿಡ್ತಾನೆ, ಫೋಟೋ ತೆಗೆಯೋರು ಒಂದು ಮೊಳನಾದರೂ ಹೂ ತಗೋಬೇಕು ಅಂತ. ಹೂವಮ್ಮ ಮಲ್ಲಿಗೆಯನ್ನ ಬೆರಳ ತುದಿಯಿಂದ ಮೊಣಕೈವರೆಗೆ ಎಳೆದು ತೋರಿಸಿದರು. ಜರ್ಮನಿಯವನೊಬ್ಬ ತನ್ನ ಕೈ ಚಾಚಿ, ನನ್ನ ಕೈಯಲ್ಲಿ ಅಳೆದು ಕೊಡಿ ಅಂದ. ಆರಡಿ ಮೀರಿದ ಆಳು, ಕೈಯೋ ಬಾಳೆದಿಂಡು. ಹೂವಮ್ಮ ಅವನನ್ನ ಅಡಿಯಿಂದ ಮುಡಿವರೆಗೆ ನೋಡಿ, "ನಿನ್ ಕೈಗೆ ಎರಡರ ದುಡ್ಡು ಕೊಡು ಮಗಾ" ಅಂದರು. ಕೊಟ್ಟ. ಕಟ್ಟಿಕೊಳ್ಳೋಕೆ ಜಡೆ ಇಲ್ಲದೆ ಕ್ಯಾಮೆರಾದ ಪಟ್ಟಿಗೆ ಸುತ್ತಿಕೊಂಡು ಬಂದ.

ಇದೇ ಮಾರುಕಟ್ಟೆಯ ಉತ್ತರದ ದ್ವಾರ 2016ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು, ಅದೇ ಆಗಸ್ಟ್‌ನಲ್ಲೇ, ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಹಳೇ ಪುಸ್ತಕದ ಅಂಗಡಿಗಳಿದ್ದ ಕಟ್ಟಡ ಅದು, ಕಾಲೇಜಿನ ದಿನಗಳಲ್ಲಿ ನಾವೆಲ್ಲ ಅಲ್ಲೇ ಗೈಡು ಕೊಂಡೋರು. ಕೆಡವಿ ಅದೇ ಥರ ಕಟ್ಟಬೇಕು ಅಂತ ಒಂದು ಕಡೆ, ರಿಪೇರಿ ಮಾಡಿ ಉಳಿಸಬೇಕು ಅಂತ ಇನ್ನೊಂದು ಕಡೆ, ತಜ್ಞರ ವರದಿಗಳೂ ಎರಡು ಬಾಯಿ, ವಿಷಯ ಹೈಕೋರ್ಟಿಗೂ ಹೋಯ್ತು. ನಾನು ಎಂಜಿನಿಯರ್ ಅಲ್ಲ. ಆದರೆ ಹಳೇ ಕಟ್ಟಡದಲ್ಲಿ ವ್ಯವಹಾರ ಮಾಡೋಳು. ಮಳೆಗಾಲಕ್ಕೆ ಮುಂಚೆ ತಾರಸಿಗೆ ಹತ್ತಿ ಅರಳಿ ಸಸಿ ಕಿತ್ತು, ನೀರಿನ ಬಾಯಿ ಬಿಡಿಸಿ, ಬಿರುಕಿಗೆ ಗಾರೆ ಹಾಕಿಸದಿದ್ದರೆ ಏನಾಗುತ್ತೆ ಅಂತ ನನಗೆ ಗೊತ್ತು. ವರ್ಷಕ್ಕೆ ಒಂದು ಸಲದ ಆ ಕೆಲಸಕ್ಕೆ ರಿಬ್ಬನ್ ಕತ್ತರಿಸೋ ಸಮಾರಂಭ ಇರಲ್ಲ, ಅದೇ ತೊಂದರೆ. ಜಂಬೂಸವಾರಿಯ ದಿನ ಶಿಥಿಲ ಕಟ್ಟಡಗಳ ಮೇಲೆ ಹತ್ತಬೇಡಿ ಅಂತ ಎಚ್ಚರಿಕೆ ಕೊಡ್ತಾರೆ. ಆ ಕಟ್ಟಡಗಳನ್ನೇ ಬೆಳಿಗ್ಗೆ ಪರಂಪರೆ ಅಂತ ತೋರಿಸಿರ್ತೀವಿ. ನಡಿಗೆಯ ಹುಡುಗ ಇದನ್ನೆಲ್ಲ ಮುಚ್ಚಿಡದೆ ಹೇಳ್ತಾನೆ, ಅದಕ್ಕೇ ನನಗೆ ಅವನು ಇಷ್ಟ.

ಕುಶಲಕರ್ಮಿಗಳ ವಿಷಯ. ಮೈಸೂರು ರೇಷ್ಮೆ, ಮೈಸೂರು ಚಿತ್ರಕಲೆ, ಬೀಟೆ ಮರದ ಕೆತ್ತನೆ–ಕೂರಿಕೆ ಕೆಲಸ, ಗಂಜೀಫಾ ಆಟದ ಎಲೆ, ಊದುಬತ್ತಿ, ಮಲ್ಲಿಗೆ, ವೀಳ್ಯದೆಲೆ. ಇಷ್ಟಕ್ಕೂ ಜಿ.ಐ. ಟ್ಯಾಗ್ ಇದೆ, ಅಂದರೆ ಈ ಸೀಮೆಯದೇ ಅನ್ನೋ ಸರ್ಕಾರಿ ಗುರುತು. ಇಷ್ಟೊಂದು ಸರಕು ಕೈಯಲ್ಲಿಟ್ಟುಕೊಂಡು, ಪ್ರವಾಸಿ ಸೀದಾ ಹೋಗೋದು ಎಲ್ಲಿಗೆ? "ಸಿಲ್ಕ್ ಫ್ಯಾಕ್ಟರಿ ತೋರಿಸ್ತೀನಿ ಬನ್ನಿ" ಅಂತ ಆಟೋದವನು ಕರೆದುಕೊಂಡು ಹೋದ ಯಾವುದೋ ಷೋರೂಮಿಗೆ. ಅಲ್ಲಿ ಮಗ್ಗ ಇರಲ್ಲ, ಗಂಧದ ಹೆಸರಿನ ಎಣ್ಣೆ ಬಾಟಲಿ ಇರುತ್ತೆ, ಆಟೋದವನಿಗೆ ಕಮಿಷನ್ ಇರುತ್ತೆ. ಸಂಜೆ ನನ್ನ ಕೌಂಟರಿಗೆ ಬಂದು ಬಾಟಲಿ ಮುಚ್ಚಳ ತೆಗೆದು, "ಇದು ಒರಿಜಿನಲ್ಲಾ ಮೇಡಂ?" ಅಂತ ಮೂಗಿಗೆ ಹಿಡೀತಾರೆ. ನಾನೇನು ಹೇಳಲಿ? ಕೊಟ್ಟ ದುಡ್ಡು ಕೇಳಿದರೆ ಮೂಗಿನ ಅವಶ್ಯಕತೆಯೇ ಇರಲ್ಲ.

ನಿಜವಾದ ರೇಷ್ಮೆ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿದೆ, ಸರ್ಕಾರದ ರೇಷ್ಮೆ ನಿಗಮ ಕೆ.ಎಸ್.ಐ.ಸಿ.ಯದ್ದು. 1912ರಲ್ಲಿ ಶುರುವಾದ ನೇಯ್ಗೆ. ಮಗ್ಗದ ಸದ್ದಿಗೆ ಪಕ್ಕದವರ ಮಾತು ಕೇಳಿಸಲ್ಲ, ಅಲ್ಲಿಗೆ ಹೋಗಿ ಬಂದವರು ಸೀರೆಯ ಬೆಲೆ ಜಾಸ್ತಿ ಅಂತ ಗೊಣಗಿದ್ದನ್ನ ನಾನು ಕೇಳಿಲ್ಲ. ಬೀಟೆ ಮರದ ಕೆಲಸದವರೂ ಹಾಗೇ. ನನಗೆ ಪರಿಚಯದ ಒಬ್ಬ ಸಾಬರಿದ್ದಾರೆ, ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕೂದಲೆಳೆಯಂಥ ಗರಗಸದಲ್ಲಿ ಆನೆಯ ಸೊಂಡಿಲು ಕೊಯ್ಯೋವಾಗ ಅವರು ಉಸಿರು ಹಿಡಿದಿರ್ತಾರೆ, ನೋಡೋರೂ ಹಿಡೀತಾರೆ. ಹಿಂದೆ ದಂತ ಕೂರಿಸ್ತಿದ್ದರು, ಅದು ನಿಂತ ಮೇಲೆ ಬಣ್ಣ ಬಣ್ಣದ ಮರ, ಪ್ಲಾಸ್ಟಿಕ್. ಪುಣೆಯಿಂದ ಬಂದ ಒಬ್ಬಾಕೆ ಅರ್ಧ ದಿನ ಅಲ್ಲೇ ಕೂತು, ಒಂದು ಚಿಕ್ಕ ಫಲಕ ಕೊಂಡು, ಚೌಕಾಸಿ ಮಾಡದೆ ಬಂದರು. "ಅಷ್ಟು ನೋಡಿದ ಮೇಲೆ ಚೌಕಾಸಿ ಮಾಡೋಕೆ ನಾಚಿಕೆ ಆಯ್ತು" ಅಂದರು. ಸಂಘ ಸಂಸ್ಥೆಗಳು ಮಾಡಬಹುದಾದ ಕೆಲಸ ಇದು. ತಿಂಗಳಿಗೆ ಒಂದು ದಿನ, ಇಂಥ ಶನಿವಾರ ಅಂತ ಗೊತ್ತು ಮಾಡಿ, ಇಂಥ ಹತ್ತು ಮನೆಗಳ ಬಾಗಿಲು ಪ್ರವಾಸಿಗೆ ತೆರೆದಿರಲಿ. ಮಳಿಗೆ ಕಟ್ಟಿಸಬೇಡಿ, ವಿಳಾಸದ ಪಟ್ಟಿ ಸಾಕು.

ಪಟ್ಟಿ ಅಂದೆ. ಯಾರೂ ಮಾಡಲಿಲ್ಲ ಅಂತ ನಾನೇ ಒಂದು ಹಾಳೆ ಮಾಡಿಟ್ಟಿದ್ದೀನಿ. ಒಂದು ಪುಟ, ಕನ್ನಡ ಮತ್ತು ಇಂಗ್ಲಿಷ್. ಬೆಳಿಗ್ಗೆ ಒಂಬತ್ತರೊಳಗೆ ಏನೇನು, ಸಂಜೆ ಆರರ ಮೇಲೆ ಏನೇನು, ಯಾವ ವಾರ ಎಲ್ಲಿ ನಾಟಕ, ಯಾವತ್ತು ದೀಪ ಹತ್ತುತ್ತೆ, ರೇಷ್ಮೆ ಕಾರ್ಖಾನೆಗೆ ಬಸ್ಸು ಎಲ್ಲಿ ಹಿಡಿಯೋದು. ರೂಮಿನ ಕೀ ಜೊತೆ ಕೊಡ್ತೀನಿ. ಮಧ್ಯಾಹ್ನ ಬಂದು ಹಾಳೆ ಓದಿ, ರಾತ್ರಿ ಇದ್ದು ಬೆಳಿಗ್ಗೆ ನಡಿಗೆ ಮುಗಿಸಿಕೊಂಡೇ ಹೋಗ್ತೀವಿ ಅಂದವರು ಇದ್ದಾರೆ.

ಹೋದ ಸಲದ ಸಭೆಯಲ್ಲಿ ಇದನ್ನ ತೋರಿಸಿದೆ, ಎಲ್ಲ ಲಾಡ್ಜಿನವರೂ ಸೇರಿ ಪ್ರತಿ ತಿಂಗಳು ಅಚ್ಚು ಹಾಕಿಸೋಣ ಅಂತ. ಹಿರಿಯರೊಬ್ಬರು ಕನ್ನಡಕ ಏರಿಸಿ ಪೂರ್ತಿ ಓದಿದರು. ತುಂಬಾ ಚೆನ್ನಾಗಿದೆ ತಾಯಿ, ಖಂಡಿತ ಮಾಡೋಣ, ಮೇಲ್ಗಡೆ ಪದಾಧಿಕಾರಿಗಳ ಫೋಟೋ ಹಾಕೋಕೆ ಸ್ವಲ್ಪ ಜಾಗ ಬಿಡು ಅಂದರು. ಎಷ್ಟು ಜನ ಪದಾಧಿಕಾರಿಗಳು ಅಂತ ಕೇಳಿದೆ. ಹದಿನಾಲ್ಕು. ಅಷ್ಟು ಮುಖಕ್ಕೆ ಜಾಗ ಬಿಟ್ಟರೆ ಎಂಟನೇ ಕ್ರಾಸಿನ ಕಚೇರಿ ಪಟ್ಟಿ ಪೂರ್ತಿ ತೆಗೆಯಬೇಕಾಗುತ್ತೆ ಸಾರ್ ಅಂದೆ. ಮುಂದಿನ ಸಭೆಯಲ್ಲಿ ಚರ್ಚೆಗೆ ಇಟ್ಟಿದ್ದಾರೆ. ಅಲ್ಲಿವರೆಗೆ ನಮ್ಮ ಜೆರಾಕ್ಸಿನದೇ ನಡೀತಿದೆ, ಬೇಕಾದವರು ಕೆಳಗೆ ಬರೆಯಿರಿ, ಪಿಡಿಎಫ್ ಕಳಿಸ್ತೀನಿ.